ತಂಪು ನಾಡಿನಲ್ಲಿ ಅಂಜೂರ: ಪೋಷಣೆ ಮತ್ತು ಎಚ್ಚರಿಕೆ

ಅಂಜೂರವು ನಮ್ಮ ಆಲ, ಅರಳಿ, ಅತ್ತಿಗಳ ಕುಲಕ್ಕೆ ಸೇರಿದ ವೃಕ್ಷ. ಬಳ್ಳಾರಿ, ಕೊಪ್ಪಳದ ಬಿಸಿಲಿನಲ್ಲಿ ಇದು ಚೆನ್ನಾಗಿ ಫಲಿಸುತ್ತದೆ. ಇಂಗ್ಲೆಂಡಿನಂತಹ ತಂಪು ನಾಡಿನಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಹಿತ್ತಲಿನಲ್ಲಿ ನೆಟ್ಟಾಗ, ಎಲೆ ಸೊಂಪಾಗಿ ಬೆಳೆದರೂ ಕಾಯಿ ಮಾಗದೆ ಉಳಿಯುವುದುಂಟು. ಅಲ್ಲಿನ ಪೋಷಣೆಯ ಕ್ರಮವೇ ಬೇರೆ.

ಸ್ಥಳ ಮತ್ತು ಬೇರು

ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬದಿ ಉತ್ತಮ. ಗೋಡೆಯು ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುತ್ತದೆ. ಬೇರು ಸ್ವೇಚ್ಛೆಯಾಗಿ ಹರಡಿದರೆ ಗಿಡವು ಎಲೆಯನ್ನೇ ಬೆಳೆಸುತ್ತದೆ. ಆದುದರಿಂದ ಸುಮಾರು 2 ಅಡಿ ಉದ್ದ, ಅಗಲ, ಆಳದ ಗುಂಡಿಗೆ ನಾಲ್ಕೂ ಕಡೆ ಕಲ್ಲುಚಪ್ಪಡಿ ನಿಲ್ಲಿಸಿ, ತಳಕ್ಕೆ ಇಟ್ಟಿಗೆ ಚೂರು ತುಂಬಿ ನೆಡಬೇಕು. ಕುಂಡವೂ ಆದೀತು, ಬೇಸಿಗೆಯಲ್ಲಿ ಅದು ಒಣಗಬಾರದು. 'ಬ್ರೌನ್ ಟರ್ಕಿ' ತಳಿಯು ಪರಾಗಸ್ಪರ್ಶವಿಲ್ಲದೆಯೇ ಹಣ್ಣು ಕೊಡುವುದರಿಂದ ಅಲ್ಲಿಗೆ ಸೂಕ್ತ.

ಯಾವ ಕಾಯಿ ಉಳಿಸಬೇಕು?

ನವೆಂಬರ್ ಹೊತ್ತಿಗೆ ಕೊಂಬೆಯಲ್ಲಿ ಎರಡು ಬಗೆಯ ಕಾಯಿಗಳಿರುತ್ತವೆ. ದಪ್ಪನಾಗಿ ಬೆಳೆದೂ ಮಾಗದವನ್ನು ಕಿತ್ತುಹಾಕಬೇಕು. ತುದಿಯಲ್ಲಿರುವ ಬಟಾಣಿ ಗಾತ್ರದ ಎಳೆಗಾಯಿಗಳೇ ಮುಂದಿನ ಆಗಸ್ಟ್-ಸೆಪ್ಟೆಂಬರಿನ ಹಣ್ಣು. ಅವನ್ನು ಕಾಪಾಡಲು ಹಿಮ ಬೀಳುವ ಮುನ್ನ ಕೊಂಬೆಗಳಿಗೆ ಒಣಹುಲ್ಲು ಸುತ್ತಬೇಕು. ಚಳಿಗಾಲದಲ್ಲಿ ಎಲ್ಲ ತುದಿಗಳನ್ನೂ ಕತ್ತರಿಸಿದರೆ ಆ ವರ್ಷದ ಫಲವೇ ಹೋಗುತ್ತದೆ. ಕಿತ್ತ ಕಾಯಿ ಮನೆಯಲ್ಲಿ ಮಾಗದು. ತೊಟ್ಟು ಬಾಗಿ, ಹಣ್ಣು ಮೆತ್ತಗಾದ ಮೇಲೆಯೇ ಕೊಯ್ಯಬೇಕು.

ಹಾಲಿನ ಬಗ್ಗೆ ಎಚ್ಚರ

ಎಲೆ, ಕೊಂಬೆ ಮುರಿದಾಗ ಒಸರುವ ಹಾಲಿನಲ್ಲಿ ಸೋರಾಲೆನ್ ಎಂಬ ದ್ರವ್ಯವಿದೆ. ನಾವು ತೊನ್ನಿಗೆ ಬಳಸುವ ಬಾಕುಚಿಯಲ್ಲಿಯೂ ಇರುವುದು ಇದೇ. ಇದು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಒಂದೆರಡು ದಿನಗಳಲ್ಲಿ ಉರಿ, ಬೊಬ್ಬೆ ಕಾಣಿಸಿಕೊಂಡು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ನರುಲಿಗೆ ಈ ಹಾಲು ಹಚ್ಚುವ ಮನೆಮದ್ದನ್ನು, ವಿಶೇಷವಾಗಿ ಮಕ್ಕಳಿಗೆ, ಮಾಡಲೇಬಾರದು. ಗಿಡ ಸವರುವಾಗ ಕೈಗವಸು, ತುಂಬುತೋಳಿನ ಅಂಗಿ ಇರಲಿ. ಹಾಲು ತಾಗಿದರೆ ಕೂಡಲೇ ಸಾಬೂನಿನಿಂದ ತೊಳೆದು, ಎರಡು ದಿನ ಆ ಭಾಗಕ್ಕೆ ಬಿಸಿಲು ತಾಗದಂತೆ ಮುಚ್ಚಿಕೊಳ್ಳಬೇಕು. ಬೊಬ್ಬೆ ಎದ್ದರೆ ಅಥವಾ ಕಣ್ಣಿಗೆ ತಾಗಿದರೆ ವೈದ್ಯರಲ್ಲಿಗೆ ಹೋಗಬೇಕು.

ಆಹಾರವಾಗಿ

ಅಂಜೂರವು ಮಧುರ, ಗುರು, ಶೀತ ಗುಣವುಳ್ಳದ್ದು. ಮಲಬದ್ಧತೆಯಿರುವವರು ಎರಡು ಒಣ ಹಣ್ಣುಗಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರಿನೊಡನೆ ಸೇವಿಸಬಹುದು. 100 ಗ್ರಾಂ ತಾಜಾ ಹಣ್ಣಿನಲ್ಲಿ ಸುಮಾರು 16 ಗ್ರಾಂ ಸಕ್ಕರೆ ಇದ್ದರೆ, ಒಣಗಿದುದರಲ್ಲಿ 48 ಗ್ರಾಂ ಇದೆ. ಮಧುಮೇಹಿಗಳು ಈ ವ್ಯತ್ಯಾಸವನ್ನು ಮರೆಯಬಾರದು.