ಸೋಮನ ಉರಿಮೂತ್ರ

ನಮ್ಮ ಮನೆಯ ಸೋಮನು ಕರಿಯ ಚುಕ್ಕೆಗಳ ಡಾಲ್ಮೇಷಿಯನ್ ಜಾತಿಯ ಗಂಡುನಾಯಿ. ಅದುವರೆಗೆ ಒಂದು ದಿನವೂ ಹೊಸಿಲೊಳಗೆ ಅಶುಚಿ ಮಾಡದಿದ್ದ ಆ ಪ್ರಾಣಿಯು ತನ್ನ ಐದನೆಯ ವಯಸ್ಸಿನ ಬೇಸಗೆಯಲ್ಲಿ ನಡುಮನೆಯ ಕಂಬದ ಬುಡದಲ್ಲಿ ಹನಿಹನಿಯಾಗಿ ಮೂತ್ರ ಮಾಡತೊಡಗಿದಾಗ ನಾನು ಅದನ್ನು ಗದರಿಸಿದೆನೆಂಬುದನ್ನು, ಇತರರ ತಪ್ಪನ್ನು ಕುರಿತು ಬರೆಯುವುದಕ್ಕೆ ಮುಂಚೆ, ಹೇಳಿಬಿಡಬೇಕು. “ಬೈಯಬೇಡವೋ, ಅವನು ಹಠಕ್ಕೆ ಮಾಡುತ್ತಿಲ್ಲ, ಉರಿಮೂತ್ರ ಆಗಿದೆ ಅವನಿಗೆ” ಎಂದು ತಡೆದವರು ನನ್ನ ತಾಯಿ. ಅವರು ಬಾರ್ಲಿಯ ನೀರು ಕಾಯಿಸಿ ಆರಿಸಿ ಕುಡಿಸಿದರು. ನಾನು ಹತ್ತಿರದ ಚಿಕಿತ್ಸಾಲಯಕ್ಕೆ ಕರೆದೊಯ್ದೆ.

ಅಲ್ಲಿಯ ವೈದ್ಯರು ಸೋಮನ ಹೊಟ್ಟೆಯನ್ನು ಮುಟ್ಟಿ ನೋಡಲಿಲ್ಲ, ಮೂತ್ರವನ್ನು ತರಹೇಳಲಿಲ್ಲ. ಸೋಂಕೆಂದು ನಿರ್ಣಯಿಸಿ ಆಂಟಿಬಯಾಟಿಕ್ ಚುಚ್ಚುಮದ್ದನ್ನೂ ಒಂದು ವಾರದ ಮಾತ್ರೆಗಳನ್ನೂ ಕೊಟ್ಟರು. ನಾಲ್ಕು ತಿಂಗಳಲ್ಲಿ ಇದು ಮೂರು ಸಲ ನಡೆಯಿತು. ಪ್ರತಿಸಲವೂ ಕೆಲವು ದಿನ ಗುಣವಾದಂತೆ ಕಾಣುತ್ತಿದ್ದುದೇ ನಮ್ಮನ್ನು ವಂಚಿಸಿತು. ಮೂತ್ರಾಶಯದಲ್ಲಿ ಕಲ್ಲಿದ್ದರೆ ಅದು ಒಳಗೋಡೆಯನ್ನು ಸವರಿ ಸವರಿ ಹುಣ್ಣಾಗಿಸುವುದೆಂದೂ, ಆ ಹುಣ್ಣಿನಲ್ಲಿ ರೋಗಾಣುಗಳು ನೆಲೆಸುವುವೆಂದೂ, ಔಷಧವು ರೋಗಾಣುಗಳನ್ನು ಕೊಂದರೂ ಕಲ್ಲನ್ನು ಕದಲಿಸದೆಂದೂ ನಾನು ಆಗ ಅರಿತಿರಲಿಲ್ಲ. ಮೂರನೆಯ ಸಲ ನನ್ನ ಒತ್ತಾಯಕ್ಕೆ ಎಕ್ಸ್-ರೇ ತೆಗೆದರು, ಕಲ್ಲಿಲ್ಲವೆಂದರು. ಆ ಚಿತ್ರವನ್ನು ನಾನು ಬೀರುವಿನಲ್ಲಿಟ್ಟು ನೆಮ್ಮದಿಯಾಗಿದ್ದೆ.

ಆಷಾಢದ ಒಂದು ರಾತ್ರಿ ಹನಿಯೂ ನಿಂತಿತು. ಸೋಮನು ಅಂಗಳದಲ್ಲಿ ಕಾಲೆತ್ತಿ ನಿಲ್ಲುವನು, ನಡುಗುವನು, ಏನೂ ಬಾರದೆ ನನ್ನ ಮುಖವನ್ನು ನೋಡುವನು. ಆ ನೋಟವನ್ನು ವರ್ಣಿಸಲು ನನಗೆ ಶಕ್ತಿಯಿಲ್ಲ. ಮೂತ್ರವು ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಂತುಹೋಗಬಹುದು, ಎರಡು ಮೂರು ದಿನಗಳೊಳಗೆ ಪ್ರಾಣ ಹೋಗಬಹುದು ಎಂಬುದು ತಿಳಿದದ್ದು ಅನಂತರ. ನಾಯಿಯು ಒಂದು ಹಗಲು ಮೂತ್ರ ಮಾಡದಿದ್ದರೂ ಬೆಳಗಾಗಲೆಂದು ಕಾಯಬಾರದೆಂದು ಈಗ ಕಂಡವರಿಗೆಲ್ಲ ಹೇಳುತ್ತಿದ್ದೇನೆ. ನಾನು ಕಾದೆ. ನಸುಕಿನಲ್ಲಿ ಹಾಲು ತಂದವನು ಅವನನ್ನು ನೋಡಿ, “ನಮ್ಮ ಹಸೂನ ಉಳಿಸಿದ ಡಾಕ್ಟರಮ್ಮನ ಹತ್ರ ಹೋಗಿ ಸ್ವಾಮಿ, ಅವರು ಮುಟ್ಟಿ ನೋಡದೆ ಮದ್ದು ಕೊಡೋದಿಲ್ಲ” ಎಂದನು. ಪಶುವೈದ್ಯರ ವಿಷಯದಲ್ಲಿ ಗೋಡೆಯ ಮೇಲಿನ ಫಲಕಗಳಿಗಿಂತಲೂ ಹಸುವಿನಿಂದ ಜೀವನ ಸಾಗಿಸುವವನ ಮಾತು ಹೆಚ್ಚು ಬೆಲೆಯುಳ್ಳದ್ದೆಂಬುದು ಆ ದಿನದಿಂದ ನನ್ನ ದೃಢವಾದ ಅಭಿಪ್ರಾಯ.

ಆ ಡಾಕ್ಟರಮ್ಮ ಮಾತಿಗೆ ಮೊದಲು ಸೋಮನ ಕಿಬ್ಬೊಟ್ಟೆಯ ಮೇಲೆ ಅಂಗೈಯಿಟ್ಟರು. ಮೂತ್ರಾಶಯವು ಎಳನೀರಿನ ಕಾಯಿಯಂತೆ ಬಿಗಿದಿತ್ತು. ಗಂಡುನಾಯಿಯ ಶಿಶ್ನದಲ್ಲಿ ಒಂದು ಎಲುಬುಂಟು. ಮೂತ್ರನಾಳವು ಅದರ ತೋಡಿನಲ್ಲಿ ಹಾಯುವುದರಿಂದ ಅಲ್ಲಿ ಹಿಗ್ಗಲಾರದು, ಇಳಿದುಬಂದ ಕಲ್ಲು ಆ ಎಲುಬಿನ ಹಿಂದೆಯೇ ಸಿಕ್ಕಿಕೊಳ್ಳುವುದು ಸಾಮಾನ್ಯ. ಆಕೆ ತೆಳ್ಳನೆಯ ಕ್ಯಾಥೆಟರನ್ನು ಅಲ್ಲಿಯವರೆಗೆ ಸಾಗಿಸಿ, ಸಲೈನನ್ನು ಒತ್ತಿ, ಸಿಕ್ಕಿದ್ದುದನ್ನು ಹಿಂದಕ್ಕೆ ಮೂತ್ರಾಶಯಕ್ಕೇ ತಳ್ಳಿದರು. ಕೆಂಬಣ್ಣದ ಮೂತ್ರವು ಬಟ್ಟಲು ತುಂಬಿ ಹರಿಯಿತು, ಸೋಮನು ನಿಟ್ಟುಸಿರು ಬಿಟ್ಟು ಮೇಜಿನ ಮೇಲೆಯೇ ಕಣ್ಣು ಮುಚ್ಚಿದನು. ಅನಂತರ ಆಕೆ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ, ನನ್ನನ್ನೂ ಕರೆದು ತೋರಿಸಿದರು: ದತ್ತೂರದ ಕಾಯಿಯಂತೆ ಮುಳ್ಳುಮುಳ್ಳಾದ ಕಂದುಬಣ್ಣದ ಉಂಡೆಗಳು. ಅಮೋನಿಯಂ ಯೂರೇಟ್ ಹರಳುಗಳಿವು ಎಂದರು.

“ಆದರೆ ಎಕ್ಸ್-ರೇಯಲ್ಲಿ ಕಲ್ಲಿಲ್ಲವಲ್ಲ, ಡಾಕ್ಟರೇ?” ಎಂದೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು, “ಚಿತ್ರ ಸುಳ್ಳು ಹೇಳಿಲ್ಲ. ಯೂರೇಟಿನ ಕಲ್ಲು ಸಾಮಾನ್ಯವಾಗಿ ಎಕ್ಸ್-ರೇಯಲ್ಲಿ ನೆರಳು ಕೊಡುವುದಿಲ್ಲ. ಡಾಲ್ಮೇಷಿಯನ್ ಎಂದ ಮೇಲೆ ಸ್ಕ್ಯಾನ್ ಮಾಡಬೇಕು” ಎಂದರು. ಸ್ಕ್ಯಾನಿನಲ್ಲಿ ಸಣ್ಣ ಕಲ್ಲುಗಳು ಕಂಡುವು.

ಆಹಾರದಲ್ಲಿರುವ ಪ್ಯೂರಿನ್ ಎಂಬ ಅಂಶವು ದೇಹದಲ್ಲಿ ಯೂರಿಕ್ ಆಮ್ಲವಾಗುವುದು. ಬಹುತೇಕ ಇತರ ನಾಯಿಗಳ ಯಕೃತ್ತು ಅದನ್ನು ನೀರಿನಲ್ಲಿ ಸುಲಭವಾಗಿ ಕರಗುವ ಅಲಂಟಾಯಿನ್ ಆಗಿ ಮಾರ್ಪಡಿಸುವುದು. ಡಾಲ್ಮೇಷಿಯನ್ನಿನ ಯಕೃತ್ತಿನ ಕೋಶಗಳೊಳಕ್ಕೆ ಯೂರಿಕ್ ಆಮ್ಲವನ್ನು ಸಾಗಿಸುವ ದ್ವಾರವೇ ಜನ್ಮತಃ ಕೆಟ್ಟಿರುವುದರಿಂದ ಅದು ಮಾರ್ಪಡದೆ ಮೂತ್ರಕ್ಕೆ ಸೇರುವುದು. ಇದಕ್ಕೆ ಕಾರಣವಾದ ಜೀನನ್ನು 2008ರಲ್ಲಿ ಗುರುತಿಸಿದರು. ಆದರೆ ನನ್ನನ್ನು ಇರಿದದ್ದು ಈ ವಿಜ್ಞಾನವಲ್ಲ, ಆಕೆಯ ಮುಂದಿನ ಪ್ರಶ್ನೆ: “ಏನು ತಿನ್ನಿಸುತ್ತೀರಿ?” ವಾರಕ್ಕೆ ಮೂರು ದಿನ ಪೇಟೆಯಿಂದ ಕೋಳಿಯ ಕಲೀಜ ತಂದು, ಬೇಯಿಸಿ, ನನ್ನ ಕೈಯಾರೆ ತಿನ್ನಿಸುತ್ತಿದ್ದೆ, ಪ್ಯೂರಿನ್ನು ಅತ್ಯಧಿಕವಾಗಿರುವ ಆಹಾರಗಳಲ್ಲಿ ಅದೂ ಒಂದು. ಐದು ವರ್ಷದ ನನ್ನ ಮಮತೆಯೆಲ್ಲ ಅವನ ಮೂತ್ರಾಶಯದಲ್ಲಿ ಕಲ್ಲಾಗಿ ಕುಳಿತಿತ್ತು.

ಶಸ್ತ್ರಚಿಕಿತ್ಸೆಗೆ ತಕ್ಕ ಸೌಕರ್ಯ ತಮ್ಮಲ್ಲಿಲ್ಲವೆಂದು ಆಕೆ ಯಾವ ಸಂಕೋಚವೂ ಇಲ್ಲದೆ ಹೇಳಿ, ತಾವು ಓದಿದ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಾಗದ ಬರೆದುಕೊಟ್ಟರು. 1958ರಲ್ಲಿ ಆರಂಭವಾದ ಆ ಸಂಸ್ಥೆಗೆ ನಮ್ಮೂರಾದ ಮೈಸೂರಿನಿಂದ ಸಾಗಿ ಹೋದೆವು. ಅಲ್ಲಿ ಕಲ್ಲುಗಳನ್ನು ತೆಗೆದರು. ತನ್ನಿಂದಾಗದುದನ್ನು ಆಗದೆಂದು ಹೇಳಿ ಆಗುವೆಡೆಗೆ ದಾರಿ ತೋರಿಸುವ ಗುಣವನ್ನು ನಾನು ವೈದ್ಯರಲ್ಲಿ ಈಗ ಎಲ್ಲಕ್ಕಿಂತ ಮೊದಲು ಹುಡುಕುತ್ತೇನೆ. ಅದಿಲ್ಲದ ಕಡೆ ಮತ್ತೆ ಹೋಗುವುದಿಲ್ಲ.

ಊರಿಗೆ ಮರಳಿದ ಮೇಲೆ, ಯೂರಿಕ್ ಆಮ್ಲವನ್ನು ತಗ್ಗಿಸುವ ಅಲೋಪ್ಯೂರಿನಾಲ್ ಮಾತ್ರೆಯನ್ನು ಕೊಡುವಾಗಲೂ ಡಾಕ್ಟರಮ್ಮ ಪಥ್ಯವನ್ನು ನನ್ನಿಂದ ಎರಡು ಸಲ ಒಪ್ಪಿಸಿಕೊಂಡರು. ಮಾಂಸವನ್ನು ಬಿಡದೆ ಆ ಮಾತ್ರೆ ನುಂಗಿಸಿದರೆ ಯೂರೇಟಿನ ಬದಲು ಕ್ಸಾಂಥೀನ್ ಎಂಬ ಬೇರೊಂದು ಕಲ್ಲು ಕಟ್ಟುವುದಂತೆ. ಈಗ ಸೋಮನಿಗೆ ಅನ್ನ, ಮೊಟ್ಟೆ, ಮೊಸರು, ಬೆಂದ ಕುಂಬಳಕಾಯಿ. ಎಲ್ಲಕ್ಕೂ ಧಾರಾಳವಾಗಿ ನೀರು ಬೆರೆಸುತ್ತೇವೆ. ಮೂತ್ರವು ತಿಳಿಯಾಗಿದ್ದಷ್ಟೂ ಹರಳು ಕಟ್ಟುವುದು ಕಡಿಮೆ. ಕಟ್ಟಿಕೊಂಡು ಕಾಯದಿರಲೆಂದು ದಿನಕ್ಕೆ ಐದು ಸಲ ಹೊರಗೆ ಕರೆದೊಯ್ಯುತ್ತೇವೆ.

ಹಿತ್ತಲ ಬಾಗಿಲ ಮೊಳೆಗೆ ಒಂದು ಉದ್ದ ಹಿಡಿಯ ಸೌಟು ತೂಗಿರುತ್ತದೆ. ತಿಂಗಳಿಗೊಮ್ಮೆ ನಸುಕಿನಲ್ಲಿ ಅದನ್ನು ಹಿಡಿದು ಸೋಮನ ಹಿಂದೆ ನಡೆದು, ಅವನು ಕಾಲೆತ್ತಿದಾಗ ಮೆಲ್ಲನೆ ಒಡ್ಡಿ, ಮೊದಲ ಮೂತ್ರವನ್ನು ಶುಚಿಯಾದ ಸೀಸೆಗೆ ಸುರಿದು, ಗಂಟೆಯೊಳಗೆ ಡಾಕ್ಟರಮ್ಮನಿಗೆ ತಲುಪಿಸುತ್ತೇನೆ. ಉಳಿದ ದಿನಗಳಲ್ಲಿ ಬರಿಗೈಯಲ್ಲಿ ನಿಂತು ನೋಡುತ್ತೇನೆ. ಜಗಲಿಯಿಂದ ತಾಯಿ ಕೇಳುತ್ತಾರೆ: “ಧಾರೆಯಾಗಿ ಹೋಯಿತೇನೋ?”

“ಹೋಯಿತಮ್ಮ.”