ಹೊಸ ಮೀಟರು, ಹಳೆಯ ಲೆಕ್ಕ

ಮೋಟಾರು ಬಂಡಿಯ ಚಾಲಕನ ಮುಂದಿರುವ ಮೀಟರಿನಲ್ಲಿ ವೇಗವನ್ನೂ ಪೆಟ್ರೋಲಿನ ಮಟ್ಟವನ್ನೂ ತೋರಿಸುವ ಮುಳ್ಳುಗಳೊಡನೆ ಅಂಕಿಗಳ ಸಾಲೊಂದುಂಟು. ಮುಳ್ಳುಗಳು ಈ ಕ್ಷಣದ ಸಂಗತಿಯನ್ನು ಹೇಳಿದರೆ, ಬಂಡಿಯು ಮೊದಲಿನಿಂದ ಓಡಿದ ದೂರವನ್ನೆಲ್ಲ ಹೇಳುವುದು ಆ ಸಾಲು. ಮೀಟರು ಕೆಟ್ಟು ಬೇರೊಂದನ್ನು ಕೂರಿಸಿದಾಗ ಆ ಲೆಕ್ಕದ ಗತಿಯೇನು ಎಂಬುದನ್ನು ನಾವಿಲ್ಲಿ ವಿಚಾರಿಸೋಣ.

ದಾರಿಯನ್ನಳೆಯುವ ಯಂತ್ರವು ಬಹು ಪುರಾತನವಾದುದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸನು ಇಂತಹ ಬಂಡಿಯೊಂದನ್ನು ವರ್ಣಿಸಿದ್ದಾನೆ. ಅದರ ಗಾಲಿಯು ಒಂದು ಸುತ್ತಿಗೆ 12½ ಅಡಿ ಸಾಗುವುದು. ಗಾಲಿಯ ಪ್ರತಿಯೊಂದು ಸುತ್ತಿಗೂ 400 ಹಲ್ಲುಗಳ ಚಕ್ರವೊಂದು ಒಂದೊಂದೇ ಹಲ್ಲು ಮುಂದೆ ಸರಿಯುವುದು. ಗುಣಿಸಿ ನೋಡಿರಿ: 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಮೈಲಿ ತುಂಬಿದೊಡನೆ ಒಂದು ಕಲ್ಲು ಕಂಚಿನ ಪಾತ್ರೆಗೆ ಠಣ್ಣೆಂದು ಬೀಳುತ್ತಿತ್ತು. ಸಂಜೆ ಕಲ್ಲುಗಳನ್ನೆಣಿಸಿದರೆ ಆ ದಿನದ ಪಯಣ ತಿಳಿಯುವುದು.

ನಮ್ಮ ಹಳೆಯ ಕಾರುಗಳಲ್ಲಿಯೂ ತತ್ತ್ವವು ಇದೇ. ಬಿಡಿಸ್ಥಾನದ ಚಕ್ರವು ಒಂದು ಸುತ್ತು ಮುಗಿಸಿದಾಗ ಎಡಗಡೆಯ ಹತ್ತರ ಚಕ್ರವು ಒಂದು ಅಂಕಿ ತಿರುಗುವುದು. ನೀವು ಸಂಕಲನದಲ್ಲಿ ದಶಕವನ್ನು ಎಡಕ್ಕೆ ಒಯ್ಯುವಿರಲ್ಲ, ಹಾಗೆಯೇ. ಐದೇ ಚಕ್ರಗಳಿದ್ದಲ್ಲಿ 99,999ರ ತರುವಾಯ ಮತ್ತೆ ಸೊನ್ನೆ. ಈಗಿನ ಕಾರುಗಳಲ್ಲಿ ಚಕ್ರಗಳಿಲ್ಲ. ವಿದ್ಯುತ್ತು ಕಡಿದರೂ ಅಳಿಯದ ಸ್ಮೃತಿಯ ಚಿಪ್ಪಿನಲ್ಲಿ ಲೆಕ್ಕವು ಉಳಿಯುತ್ತದೆ. ಕೆಲವು ಕಾರುಗಳು ಇದರ ಇನ್ನೊಂದು ಪ್ರತಿಯನ್ನು ಬೇರೊಂದು ಭಾಗದಲ್ಲಿಯೂ ಇಟ್ಟುಕೊಂಡಿರುತ್ತವೆ. ನಮ್ಮ ಅಂಗಡಿಯವರ ರೋಕಡಿ ಮತ್ತು ಖಾತೆ ಪುಸ್ತಕಗಳಂತೆ, ಒಂದು ತಪ್ಪಿದರೆ ಇನ್ನೊಂದು ಸಾಕ್ಷಿ ನುಡಿಯುವುದು.

84,000 ಮೈಲಿ ಓಡಿದ ಕಾರಿಗೆ ಮತ್ತೊಂದು ಕಾರಿನಿಂದ ಕಳಚಿದ, 31,000 ತೋರಿಸುವ ಮೀಟರನ್ನು ಕೂರಿಸಿದರೆನ್ನೋಣ. ಸುಮ್ಮನೆ ಬಿಟ್ಟರೆ ಕಾರು ತನ್ನ ವಯಸ್ಸನ್ನು ಮರೆಮಾಚಿದಂತಾಯಿತು. ಕೊಳ್ಳುವವನು ಅಧಿಕ ಹಣ ತೆರುವನು, ಅದು ಹಾಗಿರಲಿ. ಎಂಜಿನ್ನಿನ ಟೈಮಿಂಗ್ ಬೆಲ್ಟಿನಂತಹ ಭಾಗಗಳನ್ನು ಓಡಿದ ದೂರವನ್ನು ನೋಡಿಯೇ ಬದಲಾಯಿಸತಕ್ಕದ್ದು. ಸುಳ್ಳು ಅಂಕಿಯನ್ನು ನಂಬಿ ಕುಳಿತವನ ಬೆಲ್ಟು ದಾರಿಯ ನಡುವೆ ಹರಿದೀತು, ಅನೇಕ ಎಂಜಿನ್ನುಗಳಲ್ಲಿ ಒಳಗಿನ ವಾಲ್ವುಗಳೂ ಮುರಿದಾವು. ಮಕ್ಕಳನ್ನು ಕೂರಿಸಿಕೊಂಡು ಹೋಗುವ ತಂದೆತಾಯಿಗಳು ಇದನ್ನು ಲಘುವಾಗಿ ಎಣಿಸಲಾಗದು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1972ರಲ್ಲಿ ಈ ವಿಷಯಕ್ಕೆ ಕಾನೂನಾಯಿತು. ಅದರ ಪ್ರಕಾರ ಮೀಟರು ಬದಲಾದರೂ ಹಿಂದಿನ ಅಂಕಿಯೇ ಮುಂದುವರಿಯಬೇಕು. ನಮ್ಮ ಉದಾಹರಣೆಯಲ್ಲಿ 84,000. ಹಾಗೆ ಕೂರಿಸಲು ಸಾಧ್ಯವಾಗದಿದ್ದರೆ ಮೀಟರನ್ನು ಸೊನ್ನೆಗೆ ತಂದು, ಹಿಂದಿನ ಮೈಲಿಯನ್ನೂ ಬದಲಿಸಿದ ದಿನಾಂಕವನ್ನೂ ಬರೆದ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸತಕ್ಕದ್ದು. (ಅಲ್ಲಿ ಚಾಲಕನು ಕೂಡುವುದು ಎಡಗಡೆ.) ವಂಚಿಸುವ ಉದ್ದೇಶದಿಂದ ಆ ಚೀಟಿಯನ್ನು ಕೀಳುವುದೂ ನಿಷಿದ್ಧ. ಸೊನ್ನೆಯು ನೋಡಿದವರನ್ನು ಪ್ರಶ್ನಿಸುವಂತೆ ಮಾಡುತ್ತದೆ, 31,000 ಹಾಗೆ ಮಾಡದು. ಆದಕಾರಣ ಈ ಏರ್ಪಾಡು ಜಾಣತನದ್ದೆಂದೇ ನಮಗೆ ತೋರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಬಾಗಿಲಿನ ಚೀಟಿಯಲ್ಲಿ 84,000 ಎಂದಿದೆ, ಮೀಟರು 6,250 ತೋರಿಸುತ್ತಿದೆ. ಬೆಲ್ಟನ್ನು 90,000 ಮೈಲಿಗೆ ಬದಲಾಯಿಸಬೇಕಾಗಿದ್ದರೆ, ಈ ಕಾರು ಅವಧಿ ಮೀರಿ ಎಷ್ಟು ಮೈಲಿ ಓಡಿದೆ?