ಏರು ನೋಡಿ ದಾರಿ ಹಿಡಿಯಿರಿ: ಮಂಡ್ಯದ ನಾಲ್ಕು ತಾಲ್ಲೂಕುಗಳಲ್ಲಿ ಸೈಕಲ್ ಪ್ರವಾಸ

ಸೈಕಲ್ ಪ್ರವಾಸಕ್ಕೆ ಹೊಸದಾಗಿ ಹೊರಡುವವರೆಲ್ಲ ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್?’ ಎಂದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಹೊರಟವರು ಅದಕ್ಕೂ ಮೊದಲು ಬೇರೆ ಎರಡು ಪ್ರಶ್ನೆ ಕೇಳಬೇಕು: ಏರು ಎಲ್ಲಿದೆ? ನೀರು ಎಲ್ಲಿದೆ? ಕಾವೇರಿ ಬಯಲಿನ ಗದ್ದೆಗಳ ನಡುವೆ 30 ಕಿ.ಮೀ. ತುಳಿದರೂ ದಣಿವು ಗೊತ್ತಾಗುವುದಿಲ್ಲ. ಮೇಲುಕೋಟೆಯ ದಾರಿಯಲ್ಲಿ ಕೊನೆಯ ಆರೇಳು ಕಿ.ಮೀ.ಗೇ ಒಂದು ಗಂಟೆ ಹಿಡಿಯಬಹುದು. ಈ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದುಕೊಂಡು, ಸುಲಭದಿಂದ ಕಷ್ಟದ ಕಡೆಗೆ ಹೇಗೆ ಹೋಗಬೇಕೆಂದು ಇಲ್ಲಿ ಹಂತಹಂತವಾಗಿ ನೋಡೋಣ.

ನೆಲವನ್ನು ಓದುವುದು

ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 2,200 ಅಡಿ. ಅಲ್ಲಿಂದ ಉತ್ತರಕ್ಕೆ ಹೋದಷ್ಟೂ ನೆಲ ನಿಧಾನವಾಗಿ ಏರುತ್ತದೆ. ನಡುನಡುವೆ ಬಂಡೆಯ ಬೆಟ್ಟಗಳು ತಲೆ ಎತ್ತುತ್ತವೆ: ಶ್ರೀರಂಗಪಟ್ಟಣದ ಬಳಿ ಕರಿಘಟ್ಟ, ಪಾಂಡವಪುರದ ಬಳಿ ಕುಂತಿಬೆಟ್ಟ, ಅದರಾಚೆ ಮೇಲುಕೋಟೆಯ ಸಾಲು, ಮೇಲುಕೋಟೆಯ ಪಕ್ಕದಲ್ಲೇ ಕೆ.ಆರ್.ಪೇಟೆ ತಾಲ್ಲೂಕಿನ ನಾರಾಯಣದುರ್ಗ. ಮೇಲುಕೋಟೆಯ ಯೋಗನರಸಿಂಹ ಬೆಟ್ಟದ ನೆತ್ತಿ ಸುಮಾರು 3,500 ಅಡಿ.

ಸಮನಾದ ದಾರಿ ಬೇಕೆಂದರೆ ನಾಲೆಯನ್ನು ಹುಡುಕಿ. ನೀರು ಏರು ಹತ್ತಲಾರದು. ಆದ್ದರಿಂದ ನಾಲೆಯನ್ನು ತೋಡುವವರು ಗುಡ್ಡವನ್ನು ಬಳಸಿಕೊಂಡು, ಗೊತ್ತಾಗದಷ್ಟು ಸಣ್ಣ ಇಳಿಜಾರಿನಲ್ಲಿ ಅದನ್ನು ಒಯ್ಯುತ್ತಾರೆ. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಅಂದರೆ ಎಲ್ಲರೂ ಹೇಳುವ ವಿ.ಸಿ. ನಾಲೆ, ಅದಕ್ಕಿಂತ ಎಷ್ಟೋ ಹಳೆಯದಾದ ಚಿಕ್ಕದೇವರಾಯ ಸಾಗರ ನಾಲೆ, ಇವುಗಳ ಪಕ್ಕದ ದಾರಿಗಳು ಹೊಸಬರ ಕಾಲಿಗೆ ಹಿತ. ಆದರೆ ಹಲವೆಡೆ ನಾಲೆಗೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ ಸುಮಾರು 30 ಜನ ಪ್ರಾಣ ಕಳೆದುಕೊಂಡರು. ನಾಲೆಯಂಚಿಗೆ ಎಂದೂ ಹೋಗಬೇಡಿ. ಎದುರಿಗೆ ವಾಹನ ಬಂದರೆ ನಿಂತುಬಿಡಿ.

ಬೆಳೆಯೂ ದಾರಿಯ ಸ್ವಭಾವವನ್ನು ಹೇಳುತ್ತದೆ. ಭತ್ತ, ಕಬ್ಬು ಕಾಣುವಷ್ಟು ದೂರ ನೆಲ ಹೆಚ್ಚುಕಡಿಮೆ ಸಮ, ನೀರಿಗೆ ಕೊರತೆಯಿಲ್ಲ. ರಾಗಿ, ಹುರುಳಿ ಹೊಲ ಶುರುವಾಯಿತೆಂದರೆ ಏರಿಳಿತವೂ ಶುರುವಾಯಿತು. ಅಲ್ಲಿ ಮಳೆಯೇ ಆಧಾರ. ನಾಗಮಂಗಲದ ಕಡೆ ಇಂಥ ನೆಲವೇ ಹೆಚ್ಚು. ಅಲ್ಲಿಗೆ ಹೊರಡುವಾಗ ಎರಡು ಬಾಟಲಿ ನೀರು ತುಂಬಿಸಿಕೊಂಡೇ ಹೊರಡಬೇಕು.

ಗೇರು ಮತ್ತು ಉಸಿರು

ಏರು ಹತ್ತಲು ದಪ್ಪ ತೊಡೆ ಬೇಕೆಂದು ಹೊಸಬರು ತಿಳಿಯುತ್ತಾರೆ. ಬೇಕಾದದ್ದು ಸರಿಯಾದ ಗೇರು. ಮುಂದಿನ ಹಲ್ಲುಚಕ್ರಕ್ಕೂ ಹಿಂದಿನ ಹಲ್ಲುಚಕ್ರಕ್ಕೂ 32 ಹಲ್ಲುಗಳಿದ್ದರೆ ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ಸೈಕಲ್ ಎರಡು ಮೀಟರ್‌ಗಿಂತ ತುಸು ಹೆಚ್ಚು ಸಾಗುತ್ತದೆ. ನಮ್ಮೂರುಗಳ ಗೇರಿಲ್ಲದ ಸೈಕಲ್‌ನಲ್ಲಿ ಅದೇ ಒಂದು ಸುತ್ತಿಗೆ ಗಾಲಿ ಸಾಧಾರಣವಾಗಿ ಎರಡೂವರೆ ಸುತ್ತು ತಿರುಗಬೇಕು. ಬಯಲಿನಲ್ಲಿ ಅದು ಲಾಭ, ಏರಿನಲ್ಲಿ ಹೊರೆ. ಆದ್ದರಿಂದ ಬೆಟ್ಟದ ದಾರಿಗೆ ಸೈಕಲ್ ಕೊಳ್ಳುವಾಗ ‘ಎಷ್ಟು ಗೇರು ಇದೆ?’ ಎಂದು ಕೇಳುವುದಕ್ಕಿಂತ ‘ಎಲ್ಲಕ್ಕಿಂತ ಹಗುರವಾದ ಗೇರು ಯಾವುದು?’ ಎಂದು ಕೇಳಿ.

ಏರನ್ನು ಶೇಕಡಾದಲ್ಲಿ ಅಳೆಯುತ್ತಾರೆ. 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 5 ಮೀಟರ್ ಮೇಲೆ ಹೋದರೆ ಅದು ಶೇ 5ರ ಏರು. ಏರು ಬರುವ ಮೊದಲೇ ಗೇರು ಇಳಿಸಿ. ಭಾರ ಬಿದ್ದ ಮೇಲೆ ಇಳಿಸಲು ಹೋದರೆ ಚೈನ್ ಕಳಚಬಹುದು. ಸೀಟಿನ ಮೇಲೆ ಕೂತೇ ತುಳಿಯಿರಿ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಮಾತು ತುಂಡಾದರೆ ಇನ್ನಷ್ಟು ನಿಧಾನಿಸಿ. ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ.

ಇಳಿಜಾರಿನಲ್ಲಿ ಎರಡೂ ಬ್ರೇಕ್ ಬಳಸಿ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕ್ ಒತ್ತಬೇಡಿ. ಉದ್ದದ ಇಳಿಜಾರಿನಲ್ಲಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹಿಡಿಯಿರಿ. ಒಂದೇ ಸಮನೆ ಒತ್ತಿದರೆ ಬ್ರೇಕ್ ಕಾದು ಹಿಡಿತ ಕಡಿಮೆಯಾಗುತ್ತದೆ.

ಮೊದಲ ದಾರಿ: ಹೊಳೆಯ ಸುತ್ತ

ಶ್ರೀರಂಗಪಟ್ಟಣದಿಂದ ರಂಗನತಿಟ್ಟಿಗೆ ನಾಲ್ಕು ಕಿ.ಮೀ. ಒಳಗೇ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಈ ನಡುಗಡ್ಡೆಗಳು 2022ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದವು. ಬೆಳಿಗ್ಗೆ ಅಲ್ಲಿಗೆ ಹೋಗಿ, ಮರಳಿ ಪಟ್ಟಣ ದಾಟಿ ಗಂಜಾಂ, ಸಂಗಮದವರೆಗೆ ತುಳಿಯಿರಿ. ಇಷ್ಟರಲ್ಲಿ ಏರೆಂಬುದೇ ಇಲ್ಲ. ಸೀಟಿನ ಎತ್ತರ, ಗೇರಿನ ಬಳಕೆ, ಕೈನೋವು, ಬೆನ್ನುನೋವು ಎಲ್ಲವನ್ನೂ ಇಲ್ಲಿಯೇ ಸರಿಪಡಿಸಿಕೊಳ್ಳಿ. ಶಕ್ತಿ ಉಳಿದಿದ್ದರೆ ಇನ್ನೊಂದು ದಿನ ಕರಿಘಟ್ಟದ ರಸ್ತೆ ಹತ್ತಿ. ಏರು ಚಿಕ್ಕದು, ಮೇಲೆ ಶ್ರೀನಿವಾಸನ ಗುಡಿ, ಕೆಳಗೆ ಲೋಕಪಾವನಿ ಕಾವೇರಿಯನ್ನು ಸೇರುವ ನೋಟ.

ಎರಡನೆಯ ದಾರಿ: ತೊಣ್ಣೂರು ಕೆರೆ

ಪಾಂಡವಪುರದ ಮೂಲಕ ಕುಂತಿಬೆಟ್ಟ, ಅಲ್ಲಿಂದ ಕೆರೆತೊಣ್ಣೂರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಪಾಂಡವಪುರವನ್ನು ಬ್ರಿಟಿಷರು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದರು. ಕುಂತಿಬೆಟ್ಟವನ್ನು ನಡೆದೇ ಹತ್ತಬೇಕು. ಸೈಕಲ್‌ಗೆ ಬೀಗ ಹಾಕಿ ಕೆಳಗೆ ಬಿಡಿ. ಬೆಟ್ಟಗಳ ನಡುವೆ ಕಟ್ಟಿದ ತೊಣ್ಣೂರು ಕೆರೆಯ ನೀರು ತಿಳಿಯಾಗಿ ಕಂಡರೂ ಬಹಳ ಆಳ, ಈಜಲು ಇಳಿಯಬೇಡಿ. ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವ ಮೊದಲು ನೆಲೆಸಿದ್ದ ಊರಿದು. ಇಲ್ಲಿನ ನಂಬಿನಾರಾಯಣನ ಗುಡಿಯನ್ನು ನೋಡದೆ ಹಿಂತಿರುಗಬೇಡಿ. ಈ ದಾರಿಯಲ್ಲಿ ಸಣ್ಣ ಸಣ್ಣ ಏರಿಳಿತಗಳು ಒಂದರ ಹಿಂದೊಂದು ಬರುತ್ತವೆ. ಗೇರು ಬದಲಿಸುವುದು ಕೈಗೆ ತಾನಾಗಿ ಬರುವವರೆಗೆ ಇದೇ ದಾರಿಯಲ್ಲಿ ಓಡಾಡಿ.

ಮೂರನೆಯ ದಾರಿ: ಮೇಲುಕೋಟೆ

ಶ್ರೀರಂಗಪಟ್ಟಣದಿಂದ ಮೇಲುಕೋಟೆಗೆ ಸುಮಾರು 35 ಕಿ.ಮೀ. ಪಾಂಡವಪುರ ದಾಟಿ ನಾಗಮಂಗಲದ ಹೆದ್ದಾರಿಯಲ್ಲಿ ಜಕ್ಕನಹಳ್ಳಿಯವರೆಗೆ ಹೋಗಿ, ಅಲ್ಲಿ ಎಡಕ್ಕೆ ತಿರುಗಬೇಕು. ಜಕ್ಕನಹಳ್ಳಿಯಲ್ಲಿ ನಿಂತು ಎಳನೀರು ಕುಡಿದೋ ಬಾಳೆಹಣ್ಣು ತಿಂದೋ ಬಾಟಲಿ ತುಂಬಿಸಿಕೊಳ್ಳಿ. ಮುಂದಿನದು ಬೆಟ್ಟದ ಏರು. ಅರ್ಧ ದಾರಿಯವರೆಗೆ ‘ಇನ್ನೂ ಜೋರಾಗಿ ಹೋಗಬಹುದು’ ಅನ್ನಿಸಬೇಕು, ಅಷ್ಟು ನಿಧಾನವಾಗಿ ಹೊರಡಿ.

ಸುತ್ತಲಿನ ಕುರುಚಲು ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 50 ಚದರ ಕಿ.ಮೀ. ವಿಸ್ತೀರ್ಣ. ತೋಳಗಳಿಗೆ ಹೆಸರಾದ ಈ ಕಾಡಿನಲ್ಲಿ ಚಿರತೆಗಳೂ ಇವೆ. ಬೆಳಕು ಹರಿಯುವ ಮೊದಲು, ಹೊತ್ತು ಮುಳುಗಿದ ಮೇಲೆ ಇಲ್ಲಿ ಒಬ್ಬರೇ ಸೈಕಲ್ ತುಳಿಯಬಾರದು. ಮೇಲೆ ಚೆಲುವನಾರಾಯಣನ ಗುಡಿ, ಕಲ್ಯಾಣಿ, ರಾಯಗೋಪುರ, ಹೊಟ್ಟೆಗೆ ಪುಳಿಯೋಗರೆ. ಕವಿ ಪು.ತಿ.ನ. ಹುಟ್ಟಿದ್ದೂ ಇದೇ ಊರಿನಲ್ಲಿ. ಮಾರ್ಚ್–ಏಪ್ರಿಲ್‌ನ ವೈರಮುಡಿ ಉತ್ಸವದ ದಿನಗಳಲ್ಲಿ ಮಾತ್ರ ಸೈಕಲ್ ಬೇಡ. ರಸ್ತೆ ತುಂಬ ವಾಹನ.

ನಾಲ್ಕನೆಯ ದಾರಿ: ಎರಡು ಮೂರು ದಿನಗಳ ಸುತ್ತು

ಮೇಲುಕೋಟೆಯಲ್ಲಿ ರಾತ್ರಿ ಉಳಿದು ಮರುದಿನ ಕೆ.ಆರ್.ಪೇಟೆಗೆ ಇಳಿಯಿರಿ. ಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೇ ಶತಮಾನದ ಹೊಯ್ಸಳ ಕೆಲಸ. ಅದರ ಶಿಲ್ಪಪಟ್ಟಿಕೆಗಳನ್ನು ನೋಡಲು ಒಂದು ಗಂಟೆಯಾದರೂ ಬೇಕು. ಕಿಕ್ಕೇರಿಯ ಬ್ರಹ್ಮೇಶ್ವರ ಅದಕ್ಕೂ ಹಿಂದಿನದು, 1171ರದು. ಮೂರನೆಯ ದಿನ ನಾಗಮಂಗಲದ ಸೌಮ್ಯಕೇಶವ. ಕಾಲಿಗೆ ಶಕ್ತಿಯಿದ್ದರೆ ಗಂಗರ ಕಾಲದ ಬಸದಿಗಳಿರುವ ಕಂಬದಹಳ್ಳಿ ಅಥವಾ ನವಿಲುಗಳ ಆದಿಚುಂಚನಗಿರಿ. ನಾಗಮಂಗಲದಿಂದ ಪಾಂಡವಪುರಕ್ಕೆ ಮರಳುವಾಗ ಒಟ್ಟಾರೆ ನೆಲ ಇಳಿಮುಖ. ದಣಿದ ದಿನಕ್ಕೆ ಅದನ್ನು ಉಳಿಸಿಕೊಳ್ಳುವುದು ಜಾಣತನ.

ರಾತ್ರಿ ಎಲ್ಲಿ ತಂಗಬೇಕೆಂದು ಮೊದಲೇ ಗೊತ್ತಿದ್ದರೆ ಮಾತ್ರ ಬೆಟ್ಟದ ಪ್ರವಾಸ ನೆಮ್ಮದಿಯದು. 1878ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ತನ್ನ ಸದಸ್ಯರಿಗೆ ದಾರಿಯ ಹೋಟೆಲುಗಳಲ್ಲಿ ರಿಯಾಯಿತಿ ದರ ಗೊತ್ತುಮಾಡಿ, ಅವುಗಳ ಗೋಡೆಗೆ ರೆಕ್ಕೆಚಕ್ರದ ಫಲಕ ಹಾಕಿಸಿತ್ತು. ನಮ್ಮಲ್ಲಿ ಆ ಕೆಲಸಕ್ಕೆ ಯಾತ್ರಾಸ್ಥಳಗಳ ಛತ್ರಗಳಿವೆ, ಪೇಟೆಗಳ ವಸತಿಗೃಹಗಳಿವೆ. ಮುಂಚಿತವಾಗಿ ಫೋನ್ ಮಾಡಿ, ಸೈಕಲ್ ಒಳಗಿಡಲು ಜಾಗ ಉಂಟೇ ಎಂದು ಕೇಳಿ. ನಡುವೆ ಪ್ರವಾಸ ಮೊಟಕುಗೊಳಿಸಬೇಕಾಗಿ ಬಂದರೆ ರೈಲು ಇದೆ: ಬೆಂಗಳೂರು–ಮೈಸೂರು ಮಾರ್ಗದಲ್ಲಿ ಪಾಂಡವಪುರ, ಮೈಸೂರು–ಅರಸೀಕೆರೆ ಮಾರ್ಗದಲ್ಲಿ ಅಕ್ಕಿಹೆಬ್ಬಾಳು, ಬೆಂಗಳೂರು–ಹಾಸನ ಮಾರ್ಗದಲ್ಲಿ ಬಿ.ಜಿ.ನಗರ.

ರಸ್ತೆಯ ಎಚ್ಚರ

ಮಳೆ ತಗ್ಗುವ ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಸುಗ್ಗಿಯೂ ಆಗಲೇ. ರಾಗಿ, ಹುರುಳಿಯನ್ನು ರಸ್ತೆಯಲ್ಲೇ ಹರಡಿ ಕಣ ಮಾಡಿರುತ್ತಾರೆ. ಅದರ ಮೇಲೆ ಸೈಕಲ್ ಜಾರುತ್ತದೆ, ಹುಲ್ಲು ಹಿಂಬದಿಯ ಹಲ್ಲುಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ದಾಟಿ. ಅದು ಒಂದು ಮನೆಯ ವರ್ಷದ ಅನ್ನ. ಕಬ್ಬು ತುಂಬಿದ ಟ್ರ್ಯಾಕ್ಟರ್‌ನ ಹಿಂದೆ ಅಂಟಿಕೊಂಡು ಹೋಗಬೇಡಿ, ಅದರ ಎಡಗಡೆಯಿಂದ ನುಗ್ಗಬೇಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್‌ಗೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆ ಹಿಡಿಯಿರಿ. ಹೆಲ್ಮೆಟ್, ಹಿಂದೆ ಕೆಂಪು ದೀಪ, ಒಂದು ಟ್ಯೂಬ್, ಪಂಪು, ಪಂಕ್ಚರ್ ಸಾಮಾನು ಜೊತೆಗಿರಲಿ. ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿತು ಹೊರಡಿ.

ಮೇಲುಕೋಟೆಯ ಹೆಸರು ಕೇಳಿದೊಡನೆ ಮೊದಲ ಭಾನುವಾರವೇ ಅಲ್ಲಿಗೆ ಹೊರಡುವ ಉತ್ಸಾಹ ಬರುತ್ತದೆ. ಅದನ್ನು ತಡೆದುಕೊಳ್ಳಿ. ಮೊದಲು ರಂಗನತಿಟ್ಟು, ಆಮೇಲೆ ತೊಣ್ಣೂರು, ಅದಾದ ಮೇಲೆ ಬೆಟ್ಟ. ಈ ಕ್ರಮ ಬಿಟ್ಟವರು ಏರಿಗೆ ಹೆದರಿ ಸೈಕಲ್ಲನ್ನೇ ಮೂಲೆಗಿಡುತ್ತಾರೆ. ಕ್ರಮದಲ್ಲಿ ಬಂದವರು ಒಂದು ಚಳಿಗಾಲ ಕಳೆಯುವುದರೊಳಗೆ ಈ ನಾಲ್ಕೂ ತಾಲ್ಲೂಕುಗಳನ್ನು ಸುತ್ತಬಲ್ಲವರಾಗುತ್ತಾರೆ. ಬರುವ ಭಾನುವಾರ ಟೈರಿಗೆ ಗಾಳಿ ಹಾಕಿ, ಹೊಳೆಯ ದಾರಿಯಿಂದ ಶುರುಮಾಡಿ.